ಮನೆಮಂದಿಯ ಫೋಟೋ ಹತ್ತು ಕಡೆ ಚದುರಿವೆ: ಒಟ್ಟು ಮಾಡೋದು ಹೇಗೆ, ಕಾಪಾಡೋದು ಹೇಗೆ?

ಬದಿಯಡ್ಕದವಳು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಾನು ಕೆಲಸದಲ್ಲಿರೋದು ಬೆಂಗಳೂರಲ್ಲಿ. ಮನೆಯ ಫೋಟೋಗಳನ್ನೆಲ್ಲ ಒಂದು ಕಡೆ ಸೇರಿಸಬೇಕು ಅಂತ ಹೊರಟಿದ್ದೇನೆ.

ಎಲ್ಲೆಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ಅಪ್ಪನ ಹಳೆಯ ಡಿಜಿಟಲ್ ಕ್ಯಾಮೆರಾ, ಜೊತೆಗೆ ಪುಟ್ಟ ಡಬ್ಬಿಯಲ್ಲಿ ಮೆಮೊರಿ ಕಾರ್ಡುಗಳು. ಅಕ್ಕನ ಮದುವೆಯ ಡಿವಿಡಿಗಳು. ಅಮ್ಮ ಬಳಸಿ ಬಿಟ್ಟ ಫೋನುಗಳು, ಅದರಲ್ಲೊಂದಕ್ಕೆ ಚಾರ್ಜೇ ನಿಲ್ಲುವುದಿಲ್ಲ. ಅಣ್ಣ ಶಾರ್ಜಾದಲ್ಲಿದ್ದಾನೆ, ಅವನದು ಐಫೋನ್. ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬಂದು ಬಿದ್ದಿರುವುದಕ್ಕೆ ಲೆಕ್ಕವೇ ಇಲ್ಲ. ನನ್ನ ಗೂಗಲ್ ಫೋಟೋಸ್ ಜಾಗ ತುಂಬಿದೆ ಅಂತ ದಿನಾ ಎಚ್ಚರಿಸುತ್ತಿದೆ.

ಅಜ್ಜಿಗೆ ತೊಂಬತ್ತು ದಾಟಿದೆ. ಕಣ್ಣು ಸ್ವಲ್ಪ ಮಂಜು, ನೆನಪು ಮಾತ್ರ ಗಟ್ಟಿ. ಫೋಟೋ ತೋರಿಸಿದರೆ ಇವರು ಇಂಥವರ ಸೊಸೆ, ಇವರು ಅಡೂರಿನ ಕಡೆಯವರು ಅಂತ ಹೇಳುತ್ತಾರೆ. ಅವರು ಇರುವಾಗಲೇ ಈ ಕೆಲಸ ಮುಗಿಸಬೇಕು ಅನ್ನೋದು ನನ್ನ ಆಸೆ. ಎಲ್ಲಿಂದ ಶುರು ಮಾಡಲಿ?

ಪೈವಳಿಕೆ ಹುಡುಗ

ಅಕ್ಕಾ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಬೇಡ. ಗೂಗಲ್‌ನಲ್ಲಿ ದುಡ್ಡು ಕೊಟ್ಟು ಜಾಗ ಜಾಸ್ತಿ ತೆಗೆದುಕೊಳ್ಳಿ. ಎಲ್ಲವನ್ನೂ ಅಲ್ಲಿಗೆ ಹಾಕಿ. ಮುಖ ನೋಡಿ ಅದೇ ವಿಂಗಡಿಸುತ್ತದೆ, ತಾರೀಕಿನ ಪ್ರಕಾರ ಅದೇ ಜೋಡಿಸುತ್ತದೆ. ಫೋನ್ ಕಳೆದರೂ ಫೋಟೋ ಉಳಿಯುತ್ತದೆ.

ಕುಂಬಳೆ ಮಾಷ್ಟ್ರು

ಮಗಳೇ, ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀಯ. ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಫೋಟೋಗಳನ್ನು ಒಟ್ಟು ಮಾಡುವ ಕೆಲಸದಲ್ಲಿ ನಾನಿದ್ದೆ. ಕಾಪಿ ಮಾಡೋದು ಸುಲಭ, ಜನರ ಕೈಯಿಂದ ಫೋಟೋ ಹೊರಗೆ ಬರಿಸೋದು ಕಷ್ಟ. ಗ್ರೂಪಿನಲ್ಲಿ 'ಎಲ್ಲರೂ ಕಳುಹಿಸಿ' ಅಂತ ಹಾಕಿದರೆ ಯಾರೂ ಕಳುಹಿಸುವುದಿಲ್ಲ. ಮನಸ್ಸಿಲ್ಲದೆ ಅಲ್ಲ, ಹುಡುಕಲು ಯಾರಿಗೂ ಪುರುಸೊತ್ತಿಲ್ಲ. ಅವರವರ ಮನೆಗೇ ಹೋಗಬೇಕು. ಚಾ ಕುಡಿಯುವ ಹೊತ್ತಿಗೆ ಲ್ಯಾಪ್‌ಟಾಪ್ ತೆಗೆದು, ಅವರ ಫೋನಿಗೆ ಕೇಬಲ್ ಹಾಕಿ, ಅಲ್ಲೇ ಕಾಪಿ ಮಾಡಿಕೊಂಡು ಬರಬೇಕು.

ಮೊದಲು ಯಾವುದನ್ನು ಮುಟ್ಟಬೇಕು? ಬೇಗ ಸಾಯುವಂಥದ್ದನ್ನು. ಅಂದರೆ ಚಾರ್ಜ್ ನಿಲ್ಲದ ಆ ಫೋನು. ಅದು ಇವತ್ತು ಆನ್ ಆಗುತ್ತದೆ, ನಾಳೆ ಆಗದಿರಬಹುದು. ಬ್ಯಾಟರಿ ಊದಿಕೊಂಡಿದ್ದರೆ ಚಾರ್ಜಿಗೆ ಹಾಕಲೇಬೇಡ, ನೇರ ರಿಪೇರಿಯವರ ಹತ್ತಿರ ಒಯ್ಯಿ. ಆಮೇಲೆ ಮೆಮೊರಿ ಕಾರ್ಡು, ಆಮೇಲೆ ಡಿವಿಡಿ. ಗೂಗಲ್‌ನಲ್ಲಿರುವುದು ಇನ್ನೊಂದು ತಿಂಗಳು ಕಾದರೂ ಅಲ್ಲೇ ಇರುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಟ್ಟು ಮಾಡುವಾಗ ಏನನ್ನೂ ಅಳಿಸಬೇಡ, ಏನನ್ನೂ ಬೆರೆಸಬೇಡ. ಬಂದ ಕಡೆಯ ಹೆಸರಿನಲ್ಲೇ ಫೋಲ್ಡರ್ ಮಾಡು: ಅಪ್ಪನ ಕ್ಯಾಮೆರಾ, ಅಮ್ಮನ ಹಳೆ ಫೋನು, ಚಿಕ್ಕಮ್ಮನ ಮನೆ. ತಾರೀಕು ಕಳೆದುಹೋದ ಫೋಟೋ ಯಾವಾಗಿನದ್ದು ಅಂತ ಗೊತ್ತಾಗೋದು ಎಷ್ಟೋ ಸಲ ಪಕ್ಕದ ಫೋಟೋದಿಂದಲೇ. ಒಂದೇ ರಾಶಿಗೆ ಸುರಿದರೆ ಆ ಸುಳಿವು ಹೋಯಿತು. ಡಬಲ್ ಇದೆ, ಮಸುಕಾಗಿದೆ ಅಂತ ತೆಗೆಯುವ ಕೆಲಸ ಎಲ್ಲ ಒಂದು ಕಡೆ ಬಂದು, ಇನ್ನೊಂದು ಪ್ರತಿಯೂ ಆದ ಮೇಲೆ.

ಅಜ್ಜಿಯ ಜೊತೆ ಕೂರುವುದಕ್ಕೆ ಮಾತ್ರ ಇದೆಲ್ಲ ಮುಗಿಯಲಿ ಅಂತ ಕಾಯಬೇಡ. ಅದನ್ನು ಈ ವಾರವೇ ಶುರು ಮಾಡು.

ಮಂಜೇಶ್ವರದಿಂದ

ಮಾಷ್ಟ್ರು ಹೇಳಿದ್ದು ಸರಿ. ನಾನು ಮಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಪೈವಳಿಕೆಯ ತಮ್ಮನಿಗೆ ಒಂದು ಮಾತು.

ಗೂಗಲ್ ಫೋಟೋಸ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಅಲ್ಲಿರುವುದು ಮತ್ತು ಫೋನಿನಲ್ಲಿರುವುದು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಆಪ್‌ನಲ್ಲಿ ಒಂದು ಫೋಟೋ ಅಳಿಸಿದರೆ ಎರಡೂ ಕಡೆಯಿಂದ ಹೋಗುತ್ತದೆ. ಬ್ಯಾಕಪ್ ಆದದ್ದು ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಮಗುವಿನ ಕೈಗೆ ಫೋನ್ ಕೊಟ್ಟಾಗ ಏನಾಯಿತು ಅಂತ ಎರಡು ತಿಂಗಳು ಯಾರೂ ನೋಡದಿದ್ದರೆ ಮುಗಿಯಿತು. ಒಂದು ಕಡೆ ಅಳಿಸಿದರೂ ಇನ್ನೊಂದು ಕಡೆ ಉಳಿಯಬೇಕು, ಅದಕ್ಕೆ ಬ್ಯಾಕಪ್ ಅನ್ನೋದು.

ಲೆಕ್ಕವೂ ಗೊತ್ತಿರಲಿ. ಬಿಟ್ಟಿಯಾಗಿ ಸಿಗುವ 15 ಜಿಬಿ ಫೋಟೋಗೆ ಮಾತ್ರ ಅಲ್ಲ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದರಲ್ಲೇ. ಎಷ್ಟು ಬೇಕಾದರೂ ಹಾಕಿ ಅನ್ನುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಒಂದು ಫೋಟೋ 4 ಎಂಬಿ ಅಂತ ಹಿಡಿದರೆ 15 ಜಿಬಿಗೆ ನಾಲ್ಕು ಸಾವಿರವೂ ಹಿಡಿಸುವುದಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು ಅನ್ನುವ ನಿಯಮವೂ ಇದೆ, 2023ರ ಡಿಸೆಂಬರ್‌ನಿಂದ ಅದು ಜಾರಿಗೆ ಬಂದಿದೆ. ಅಪ್ಪನ ಹೆಸರಿನಲ್ಲಿ ಎಂದೋ ಮಾಡಿಟ್ಟ ಖಾತೆಗಳನ್ನು ಒಮ್ಮೆ ತೆರೆದು ನೋಡಿ.

ಗೂಗಲ್‌ನ ಹಳೆಯ ಸೋಶಿಯಲ್ ಮೀಡಿಯಾ ತಾಣ ಆರ್ಕುಟ್ ನೆನಪಿದೆಯಾ? ನಮ್ಮ ಕಾಲೇಜಿನ ಫೋಟೋಗಳೆಲ್ಲ ಅದರಲ್ಲಿದ್ದವು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಫೋಟೋ ಇಳಿಸಿಕೊಳ್ಳಲು ಎರಡು ವರ್ಷ ಸಮಯ ಕೊಟ್ಟಿದ್ದರು. ಆ ಸುದ್ದಿ ತಲುಪಿದ್ದು ಎಷ್ಟು ಜನಕ್ಕೆ? ಫೋಟೋ ಇಡಲು ಗೂಗಲ್‌ನದೇ ಇದ್ದ ಪಿಕಾಸಾ ವೆಬ್ ಆಲ್ಬಮ್ ಕೂಡ 2016ರಲ್ಲಿ ನಿಂತಿತು.

ಪೈವಳಿಕೆ ಹುಡುಗ

ಅಣ್ಣಾ, ಒಪ್ಪಿದೆ. ಆದರೆ ಮನೆಯಲ್ಲಿ ಇಟ್ಟ ಡಿಸ್ಕ್ ಏನು ಶಾಶ್ವತವಾ? ನಮ್ಮಲ್ಲಿ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಗೆ ಸಿಡಿಲು ಬಡಿದು ಟಿವಿ, ಮೋಡೆಮ್ ಎರಡೂ ಸುಟ್ಟುಹೋದವು. ಕಂಪ್ಯೂಟರ್‌ಗೆ ಚುಚ್ಚಿದ್ದ ಹಾರ್ಡ್ ಡಿಸ್ಕ್ ಕೂಡ ಹೋಯಿತು. ಅದರಲ್ಲಿದ್ದ ತಂಗಿಯ ನಾಮಕರಣದ ಫೋಟೋ ಉಳಿದದ್ದು ಅಪ್ಪನ ಗೂಗಲ್ ಖಾತೆಯಲ್ಲಿ ಇದ್ದದ್ದರಿಂದ. ಅದಕ್ಕೇ ನಾನು ಹಾಗೆ ಹೇಳಿದ್ದು.

ಮಂಜೇಶ್ವರದಿಂದ

ನೀನು ಹೇಳಿದ್ದೂ ನಿಜವೇ ತಮ್ಮಾ. ಅದಕ್ಕೇ ಎರಡೂ ಬೇಕು ಅನ್ನೋದು. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ ಒಂದು ಲೆಕ್ಕವಿದೆ, 3-2-1 ಅಂತ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ ಇರಲಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ. ನಮ್ಮ ಕೆಲಸದಲ್ಲೂ ಇದನ್ನೇ ಪಾಲಿಸುತ್ತೇವೆ.

ಬದಿಯಡ್ಕದ ಅಕ್ಕನ ಮನೆಗೆ ಇದನ್ನು ಹೊಂದಿಸಿದರೆ, ಊರಿನ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್, ಬೆಂಗಳೂರಿನ ಮನೆಯಲ್ಲಿ ಇನ್ನೊಂದು, ಮೂರನೆಯದು ಗೂಗಲ್‌ನಲ್ಲೋ ಬೇರೆ ಯಾವುದಾದರೂ ಆನ್‌ಲೈನ್ ಜಾಗದಲ್ಲೋ. 1 ಟಿಬಿ ಡಿಸ್ಕಿನಲ್ಲಿ 4 ಎಂಬಿಯ ಫೋಟೋ ಎರಡು ಲಕ್ಷಕ್ಕಿಂತ ಜಾಸ್ತಿ ಹಿಡಿಸುತ್ತದೆ. ವಿಡಿಯೋ ಎಷ್ಟಿದೆ ಅಂತ ನೋಡಿ ತೆಗೆದುಕೊಳ್ಳಿ.

ಪೆನ್ ಡ್ರೈವ್ ಮಾತ್ರ ಬೇಡ. ಹಿಡಿದುಕೊಂಡು ಓಡಾಡಲು ಅದು ಸರಿ, ವರ್ಷಗಟ್ಟಲೆ ಕಪಾಟಿನಲ್ಲಿ ಇಡಲು ಸರಿಯಲ್ಲ. ಅದರೊಳಗಿನ ಚಿಪ್ಪಿನಲ್ಲಿ ವಿದ್ಯುತ್ತಿನ ಚಾರ್ಜ್ ರೂಪದಲ್ಲಿ ಮಾಹಿತಿ ನಿಂತಿರುತ್ತದೆ, ಕಾಲ ಕಳೆದಂತೆ ಸೋರುತ್ತದೆ. ತುಂಬಾ ಅಗ್ಗಕ್ಕೆ ಸಿಗುವ '1 ಟಿಬಿ', '2 ಟಿಬಿ' ಪೆನ್ ಡ್ರೈವ್‌ಗಳಲ್ಲಿ ಮೋಸವೂ ಇದೆ. ಒಳಗಿರುವುದು 32 ಜಿಬಿ, ಕಂಪ್ಯೂಟರಿಗೆ ತೋರಿಸುವುದು 1 ಟಿಬಿ. ಕಾಪಿ ಆದ ಹಾಗೆ ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಇಡೀ ಡ್ರೈವ್ ತುಂಬಿಸಿ, ಮತ್ತೆ ಓದಿ ಪರೀಕ್ಷೆ ಮಾಡುತ್ತದೆ. ಹೊಸದು ತಂದ ದಿನವೇ, ಖಾಲಿ ಇರುವಾಗಲೇ ಮಾಡಿ ನೋಡಿ.

ಮುಳ್ಳೇರಿಯಾ ತೋಟದವರು

ನಾನು ಕಂಪ್ಯೂಟರ್ ಓದಿದವನಲ್ಲ. ಆದರೆ ನಮ್ಮ ಊರಿನ ಹವೆಯ ಬಗ್ಗೆ ಹೇಳಬಲ್ಲೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಡಿಸ್ಕನ್ನು ಅಟ್ಟದಲ್ಲಿ ಇಡಬೇಡಿ, ಹಂಚಿನ ಮಾಡಿನ ಕೆಳಗೆ ಬೇಸಿಗೆಯಲ್ಲಿ ಸುಡುವ ಬಿಸಿ, ಮಳೆಗಾಲದಲ್ಲಿ ತೇವ. ಗೋಡೆಗೆ ತಾಗಿದ ಕಪಾಟಿನ ಕೆಳಗಿನ ಅಂತಸ್ತೂ ಬೇಡ. ರಬ್ಬರ್ ಅಂಚಿನ, ಗಾಳಿ ಆಡದ ಡಬ್ಬಿ ತನ್ನಿ. ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಡಿಸ್ಕ್, ಪಕ್ಕದಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾಗುವ ಜೆಲ್ ಸಿಗುತ್ತದೆ, ತೇವ ಕುಡಿದದ್ದು ಕಣ್ಣಿಗೇ ಕಾಣುತ್ತದೆ. ಮದ್ದಿನ ಬಾಟಲಿಯಲ್ಲಿ ಬರುವ ಸಣ್ಣ ಪೊಟ್ಟಣ ಇಂಥ ಡಬ್ಬಿಗೆ ಸಾಲದು.

ಸಿಡಿಲಿನ ವಿಷಯ ಪೈವಳಿಕೆಯವರು ಹೇಳಿಯೇ ಬಿಟ್ಟರು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೂ ಅಷ್ಟೇ ಹೆದರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಇಡಬೇಕು. ಸಿಡಿಲು ಕರೆಂಟಿನ ತಂತಿಯಲ್ಲಿ ಮಾತ್ರ ಬರುವುದಲ್ಲ, ಕೇಬಲ್ ಟಿವಿಯ ತಂತಿಯಲ್ಲೂ ಟೆಲಿಫೋನ್ ತಂತಿಯಲ್ಲೂ ಬರುತ್ತದೆ. ಕಾಪಿ ಮಾಡುವಾಗ ಮಾತ್ರ ಡಿಸ್ಕ್ ಚುಚ್ಚಿ. ಮುಗಿದ ಕೂಡಲೇ ತೆಗೆದು ಡಬ್ಬಿಗೆ ಹಾಕಿ.

ನೆಟ್ ನಿಧಾನ ಇರುವ ಕಡೆ ಸಾವಿರಗಟ್ಟಲೆ ಫೋಟೋ ಆನ್‌ಲೈನ್ ಹಾಕೋದು ಆಗುವ ಮಾತಲ್ಲ. ನಮ್ಮ ಮಗ ಡಿಸ್ಕನ್ನೇ ಪುತ್ತೂರಿಗೆ ಒಯ್ದು ಭಾವನ ಮನೆಯಿಂದ ಅಪ್‌ಲೋಡ್ ಮಾಡಿದ. ಈಗ ಆ ಡಿಸ್ಕ್ ಅಲ್ಲೇ ಇದೆ. ಹೊರಗಿನ ಪ್ರತಿ ಅಂತ ಬೇರೆ ಹುಡುಕಬೇಕಾಗಲಿಲ್ಲ.

ಮಂಜೇಶ್ವರದಿಂದ

ಡಿಸ್ಕ್ ಬಿಚ್ಚಿ ಇಡುವುದರಲ್ಲಿ ಇನ್ನೊಂದು ಲಾಭವಿದೆ. ಫೈಲುಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೆ, ಚುಚ್ಚಿಟ್ಟ ಡಿಸ್ಕಿಗೂ ಅದು ಹರಡುತ್ತದೆ. ಡಬ್ಬಿಯೊಳಗಿನ ಡಿಸ್ಕಿಗೆ ಏನೂ ಆಗುವುದಿಲ್ಲ.

ಉಪ್ಪಳ ಸ್ಟುಡಿಯೋ

ನಾನು ಮದುವೆ ಫೋಟೋ ತೆಗೆಯುವವನು. ಡಿವಿಡಿ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಜನ ಅದನ್ನು ಭದ್ರ ಅಂತ ತಿಳಿದಿದ್ದಾರೆ. ನಾವು ಬರೆದು ಕೊಡುತ್ತಿದ್ದ ಡಿವಿಡಿಯಲ್ಲಿ ಮಾಹಿತಿ ನಿಂತಿರುವುದು ಬಣ್ಣದ ಒಂದು ತೆಳು ಪದರದ ಮೇಲೆ. ಬಿಸಿಲು, ಬಿಸಿ, ತೇವ ಯಾವುದಾದರೂ ಅದನ್ನು ಕೆಡಿಸುತ್ತದೆ. ಇವತ್ತು ಓದುತ್ತದೆ ಅಂದರೆ ಇವತ್ತೇ ಕಾಪಿ ಮಾಡಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ, ಯುಎಸ್‌ಬಿಗೆ ಚುಚ್ಚುವ ಡ್ರೈವ್ ಬೇಕಾಗುತ್ತದೆ. ಯಾರ ಹತ್ತಿರವಾದರೂ ಇದ್ದರೆ ಒಂದು ವಾರಕ್ಕೆ ಕೇಳಿ ತನ್ನಿ. ಡಿವಿಡಿ ಮೇಲೆ ಬೂಷ್ಟು ಇದ್ದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಒಳಗೆ 'ವಿಡಿಯೋ ಟಿಎಸ್' ಅಂತ ಫೋಲ್ಡರ್ ಕಂಡರೆ ಅದನ್ನು ಹಾಗೇ ಇಡಿಯಾಗಿ ಕಾಪಿ ಮಾಡಿ, ವಿಎಲ್‌ಸಿ ಎಂಬ ಉಚಿತ ಪ್ಲೇಯರಿನಲ್ಲಿ ಓಡುತ್ತದೆ.

ಸ್ಟುಡಿಯೋದವರ ಹತ್ತಿರ ಇದೆ ಅಂತ ನಂಬಿ ಕೂರಬೇಡಿ. ಒಂದು ಸೀಸನ್ ಮುಗಿದ ಮೇಲೆ ಡಿಸ್ಕ್ ಖಾಲಿ ಮಾಡುವವರೇ ಜಾಸ್ತಿ. ಆಲ್ಬಮ್ ಕೈಗೆ ಬಂದಾಗಲೇ ಒರಿಜಿನಲ್ ಫೈಲುಗಳನ್ನು ಕೇಳಿ ತೆಗೆದುಕೊಳ್ಳಿ. ಆಲ್ಬಮಿಗೆ ಆರಿಸಿದ್ದು ಮಾತ್ರ ಬೇಡ, ತೆಗೆದದ್ದೆಲ್ಲವೂ ಬೇಕು ಅಂತ ಹೇಳಿ.

ಈಗ ವಾಟ್ಸಾಪ್. 12 ಮೆಗಾಪಿಕ್ಸೆಲ್ ಫೋನಿನ ಫೋಟೋ 4000 × 3000 ಪಿಕ್ಸೆಲ್ ಇರುತ್ತದೆ. ಸುಮ್ನೆ ವಾಟ್ಸಾಪಿನಲ್ಲಿ ಕಳುಹಿಸಿದರೆ ಅದು 1600 × 1200ರ ಹತ್ತಿರಕ್ಕೆ ಇಳಿಯುತ್ತದೆ. ಪ್ರಿಂಟಿಗೆ ನಾವು ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿಯುತ್ತೇವೆ. ಮೊದಲನೆಯದು 13 ಇಂಚು ಅಗಲಕ್ಕೆ ಚೆನ್ನಾಗಿ ಬರುತ್ತದೆ. ಎರಡನೆಯದು 5 ಇಂಚು ದಾಟಿದರೆ ಮೆತ್ತಗಾಗುತ್ತಾ ಹೋಗುತ್ತದೆ. ತೀರಿಕೊಂಡವರ ಫೋಟೋ ದೊಡ್ಡದು ಮಾಡಿ ಕೊಡಿ ಅಂತ ವಾಟ್ಸಾಪ್ ಫೋಟೋ ಹಿಡಿದುಕೊಂಡು ಬರುತ್ತಾರೆ. ಕಣ್ಣಿನ ಹೊಳಪು, ಸೀರೆಯ ಅಂಚು ಎಲ್ಲ ಕಲಸಿಹೋಗಿರುತ್ತದೆ. ಆಗ ಏನು ಮಾಡಿದರೂ ಸರಿ ಬರುವುದಿಲ್ಲ. ಒರಿಜಿನಲ್ ಯಾರ ಫೋನಿನಲ್ಲಿದೆ ಅಂತ ಹುಡುಕಿ ಅಂತ ಕೈಮುಗಿದು ಹೇಳುತ್ತೇನೆ.

ಕಳುಹಿಸುವವರಿಗೆ 'ಡಾಕ್ಯುಮೆಂಟ್' ಆಗಿ ಕಳುಹಿಸಲು ಹೇಳಿ. ಹಾಗೆ ಮಾಡಿದರೆ ಫೈಲ್ ಇದ್ದ ಹಾಗೇ ಬರುತ್ತದೆ, ತೆಗೆದ ತಾರೀಕೂ ಒಳಗೇ ಉಳಿಯುತ್ತದೆ. ಎಚ್‌ಡಿ ಅಂತ ಒತ್ತಿದರೂ ಸ್ವಲ್ಪ ಕುಗ್ಗುತ್ತದೆ. ಫೋಟೋವಾಗಿ ಕಳುಹಿಸಿದರೆ ಕ್ಯಾಮೆರಾ ಬರೆದಿದ್ದ ತಾರೀಕು, ಜಾಗ ಎಲ್ಲ ಕಿತ್ತುಹೋಗುತ್ತದೆ. ಫೈಲಿನ ಹೆಸರಿನಲ್ಲಿ ಕಾಣುವ ತಾರೀಕು ವಾಟ್ಸಾಪಿಗೆ ಬಂದ ದಿನದ್ದು, ಫೋಟೋ ತೆಗೆದ ದಿನದ್ದಲ್ಲ.

ಶಾರ್ಜಾದಲ್ಲಿರುವ ನೀರ್ಚಾಲಿನವ

ಗಲ್ಫಿನಲ್ಲಿರುವ ಅಣ್ಣನ ಪರವಾಗಿ ನಾನು ಹೇಳುತ್ತೇನೆ. ಐಫೋನಿನಲ್ಲಿ 2017ರ ಐಒಎಸ್ 11ರಿಂದ ಎಚ್‌ಇಐಸಿ ಎಂಬ ಬಗೆಯ ಫೈಲ್ ಬರುತ್ತದೆ. ಊರಿನ ಹಳೆಯ ಕಂಪ್ಯೂಟರಿನಲ್ಲಿ ಅದು ತೆರೆಯದೇ ಇರಬಹುದು. ತೆರೆಯುತ್ತಿಲ್ಲ ಅಂತ ಅಳಿಸಬೇಡಿ. ಹಾಗೇ ಇಡಿ, ಬೇಕಾದಾಗ ಎಲ್ಲ ಕಡೆ ತೆರೆಯುವ ಜೆಪೆಗ್ ಫೈಲಾಗಿ ಮಾಡಿಕೊಳ್ಳಬಹುದು.

ಆಪಲ್‌ನ ಆನ್‌ಲೈನ್ ಜಾಗವಾದ ಐಕ್ಲೌಡ್‌ನಲ್ಲಿ ಬಿಟ್ಟಿ ಸಿಗೋದು 5 ಜಿಬಿ. 'ಆಪ್ಟಿಮೈಸ್ ಸ್ಟೋರೇಜ್' ಆನ್ ಆಗಿದ್ದರೆ ಫೋನಿನಲ್ಲಿರುವುದು ಸಣ್ಣ ರೂಪ, ಪೂರ್ತಿ ಫೋಟೋ ಆಪಲ್‌ನ ಸರ್ವರ್‌ನಲ್ಲಿ. ಕೇಬಲ್ ಹಾಕಿ ಎಳೆದರೆ ಎಲ್ಲ ಬಂತು ಅಂದುಕೊಳ್ಳುವ ಮೊದಲು ಇದನ್ನು ನೋಡಿ. ನಾನು ರಜೆಯಲ್ಲಿ ಊರಿಗೆ ಬರುವಾಗ ಫೋಟೋಗಳನ್ನು ಡಿಸ್ಕಿಗೆ ಹಾಕಿಕೊಂಡೇ ಬರುತ್ತೇನೆ. ನೆಟ್‌ನಲ್ಲಿ ಕಳುಹಿಸುವುದಕ್ಕಿಂತ ಬ್ಯಾಗಿನಲ್ಲಿ ತರೋದು ಬೇಗ ಆಗುತ್ತದೆ.

ಇನ್ನೊಂದು ವಿಷಯ ಗಲ್ಫಿನವರಿಗೆ ಮುಖ್ಯ. ಊರಿನ ಸಿಮ್ಮಿಗೆ ರೀಚಾರ್ಜ್ ಮಾಡದೆ 90 ದಿನ ಬಳಸದೇ ಬಿಟ್ಟರೆ ನಂಬರ್ ರದ್ದಾಗಬಹುದು. ಆಮೇಲೆ ಅದೇ ನಂಬರ್ ಬೇರೆಯವರಿಗೆ ಹೋಗುತ್ತದೆ. ಗೂಗಲ್ ಖಾತೆಯ ಒಟಿಪಿ ಆ ನಂಬರಿಗೆ ಇದ್ದರೆ ನಮ್ಮ ಫೋಟೋಗಳ ಬಾಗಿಲು ನಮಗೇ ಮುಚ್ಚಿದ ಹಾಗೆ. ಎರಡು ಹಂತದ ಭದ್ರತೆಯಲ್ಲಿ 'ಬ್ಯಾಕಪ್ ಕೋಡ್' ಅಂತ 8 ಅಂಕೆಯ ಹತ್ತು ಕೋಡುಗಳನ್ನು ಗೂಗಲ್ ಕೊಡುತ್ತದೆ. ಅವನ್ನು ಕಾಗದದಲ್ಲಿ ಪ್ರಿಂಟ್ ತೆಗೆದು ಮನೆಯ ಆಸ್ತಿಪತ್ರಗಳ ಜೊತೆ ಇಡಿ.

ಹಾಗೇ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಕೂಡ ಮಾಡಿ ಇಡಿ. ನಾವು ಇಷ್ಟು ತಿಂಗಳು ಖಾತೆ ಬಳಸದಿದ್ದರೆ ಇಂಥವರಿಗೆ ಫೋಟೋ ಇಳಿಸಿಕೊಳ್ಳಲು ಬಿಡು ಅಂತ ಮೊದಲೇ ಬರೆದಿಡಬಹುದು. ದೂರದಲ್ಲಿರುವ ನಮ್ಮಂಥವರು ಇದನ್ನು ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ಬದಿಯಡ್ಕದವಳು

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಮಾಷ್ಟ್ರು ಹೇಳಿದ ಹಾಗೆ ಮೊದಲು ಚಾರ್ಜ್ ನಿಲ್ಲದ ಫೋನನ್ನೇ ಹಿಡಿದೆ. ಬ್ಯಾಟರಿ ಊದಿರಲಿಲ್ಲ. ಚಾರ್ಜರ್ ಚುಚ್ಚಿಯೇ ಇಟ್ಟು ಬ್ಲೂಟೂತ್‌ನಲ್ಲಿ ಒಂದೊಂದಾಗಿ ಎಳೆದೆ. ನಿಧಾನ, ಆದರೆ ಎಲ್ಲ ಬಂತು. ಅದರಲ್ಲಿ ಅಜ್ಜ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿರುವ ಫೋಟೋ ಸಿಕ್ಕಿತು. ಮನೆಯಲ್ಲಿ ಯಾರಿಗೂ ಅದು ಇದೆ ಅಂತಲೇ ಗೊತ್ತಿರಲಿಲ್ಲ.

ಈಗ ಎರಡು ತೊಂದರೆ. ಅಪ್ಪನ ಒಂದು ಕಾರ್ಡ್ ಹಾಕಿದರೆ 'ಫಾರ್ಮ್ಯಾಟ್ ಮಾಡಬೇಕೇ' ಅಂತ ಕೇಳುತ್ತದೆ. ಇನ್ನೊಂದು ಕಾರ್ಡಿನ ಎಲ್ಲ ಫೋಟೋಗಳ ತಾರೀಕು 2000ನೇ ಇಸವಿ ಜನವರಿ 1 ಅಂತ ಇದೆ. ಅಪ್ಪ ಕ್ಯಾಮೆರಾ ತೆಗೆದುಕೊಂಡದ್ದೇ ಅದಾಗಿ ಎಷ್ಟೋ ವರ್ಷಕ್ಕೆ.

ಮಂಜೇಶ್ವರದಿಂದ

ಅಕ್ಕಾ, ಫಾರ್ಮ್ಯಾಟ್‌ಗೆ 'ಬೇಡ' ಅಂತ ಒತ್ತಿ ಕಾರ್ಡ್ ಹೊರಗೆ ತೆಗೆಯಿರಿ. ಕಾರ್ಡಿನ ಅಂಚಿನಲ್ಲಿ ಲಾಕ್ ಮಾಡುವ ಸಣ್ಣ ಗುಂಡಿ ಇದ್ದರೆ ಅದನ್ನು ಕೆಳಗೆ ಜಾರಿಸಿ, ಆಗ ಅದರ ಮೇಲೆ ಏನೂ ಬರೆಯಲು ಆಗುವುದಿಲ್ಲ. ಎಷ್ಟೋ ಸಲ ಕೆಟ್ಟಿರುವುದು ಕಾರ್ಡಿನ ವಿಳಾಸಪಟ್ಟಿ ಮಾತ್ರ, ಫೋಟೋ ಹಾಗೇ ಇರುತ್ತದೆ. ಮೊದಲು ಬೇರೆ ಕಾರ್ಡ್ ರೀಡರಿನಲ್ಲಿ ಹಾಕಿ ನೋಡಿ. ಆಗದಿದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಇದೆ. ಅದು ವಿಳಾಸಪಟ್ಟಿಯನ್ನು ಬಿಟ್ಟು ನೇರವಾಗಿ ಫೋಟೋದ ಗುರುತು ಹುಡುಕಿ ತೆಗೆಯುತ್ತದೆ. ಫೈಲಿನ ಹೆಸರುಗಳು ಹೋಗುತ್ತವೆ, ಚಿತ್ರಗಳು ಬರುತ್ತವೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಬರೆಯಬೇಡಿ, ಬೇರೆ ಡಿಸ್ಕಿಗೆ ಇಳಿಸಿ. ಕಾರ್ಡ್ ಯಾವುದರಲ್ಲೂ ಕಾಣದೇ ಇದ್ದರೆ ಅಂಗಡಿಗೆ ಕೊಡಬೇಕಾಗುತ್ತದೆ. ಆಗ ಖರ್ಚೆಷ್ಟು, ಸಿಗದಿದ್ದರೂ ದುಡ್ಡು ಕೊಡಬೇಕಾ ಅಂತ ಮೊದಲೇ ಕೇಳಿಕೊಳ್ಳಿ.

ತಾರೀಕಿನ ವಿಷಯ ಸುಲಭ. ಕ್ಯಾಮೆರಾದ ಒಳಗಿನ ಬ್ಯಾಟರಿ ಸತ್ತಾಗ ಗಡಿಯಾರ ಮೊದಲಿಗೆ ಹೋಗಿ ನಿಲ್ಲುತ್ತದೆ. ಡಿಜಿಕ್ಯಾಮ್ ಅಥವಾ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಲ್ಲಿ ಇಡೀ ಕಾರ್ಡಿನ ಫೋಟೋಗಳನ್ನು ಒಟ್ಟಿಗೆ ಮುಂದಕ್ಕೆ ತಳ್ಳಬಹುದು. ಒಂದು ಫೋಟೋದ ನಿಜವಾದ ದಿನ ಗೊತ್ತಾದರೆ ಸಾಕು. ಅದರಲ್ಲಿ ಯಾರದ್ದಾದರೂ ಮದುವೆ ಇದೆಯಾ ನೋಡಿ, ಆಮಂತ್ರಣ ಪತ್ರಿಕೆ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಮೂಲ ಫೈಲುಗಳ ಮೇಲೆ ಮಾಡಬೇಡಿ, ಕಾಪಿಯ ಮೇಲೆ ಮಾಡಿ.

ಹೊಸಂಗಡಿ ಟೀಚರ್

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲವನ್ನೂ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಿದ್ದೀರಿ. ಇಪ್ಪತ್ತು ಸಾವಿರ ಫೋಟೋ ಇಟ್ಟರೆ ನೋಡುವವರು ಯಾರು? ನಮ್ಮ ಅತ್ತೆಗೆ ಆಲ್ಬಮ್ ಕೊಟ್ಟರೆ ಒಂದು ಮಧ್ಯಾಹ್ನ ಪೂರ್ತಿ ನೋಡುತ್ತಾರೆ. ಫೋನ್ ಕೊಟ್ಟರೆ ಎರಡು ನಿಮಿಷಕ್ಕೆ ಸಾಕು ಅನ್ನುತ್ತಾರೆ. ವರ್ಷಕ್ಕೆ ಮೂವತ್ತೋ ನಲವತ್ತೋ ಒಳ್ಳೆಯದನ್ನು ಆರಿಸಿ, ಪ್ರಿಂಟ್ ತೆಗೆದು, ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದು ಇಡೋದು ಮೇಲು. ಉಳಿದದ್ದು ಹೋದರೆ ಹೋಗಲಿ.

ಕುಂಬಳೆ ಮಾಷ್ಟ್ರು

ಟೀಚರ್, ಪ್ರಿಂಟ್ ತೆಗೆಯುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಕರೆಂಟಿಲ್ಲದೆ, ಪಾಸ್‌ವರ್ಡಿಲ್ಲದೆ ನೋಡಬಹುದಾದದ್ದು ಅದೊಂದೇ. ಆದರೆ ಉಳಿದದ್ದು ಹೋದರೆ ಹೋಗಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ರಾಷ್ಟ್ರೀಯ ಹೆದ್ದಾರಿ 66 ಅಗಲ ಮಾಡುವಾಗ ತಲಪಾಡಿಯಿಂದ ಈಚೆಗೆ ರಸ್ತೆ ಬದಿ ಹೇಗೆ ಬದಲಾಯಿತು ಅಂತ ನಾವೆಲ್ಲ ನೋಡಿದ್ದೇವೆ. ಹಳೆಯ ಅಂಗಡಿಸಾಲು ಹೋಯಿತು, ನೆರಳು ಕೊಡುತ್ತಿದ್ದ ಮರಗಳು ಹೋದವು. ಮೊದಲು ಪೇಟೆ ಹೇಗಿತ್ತು ಅಂತ ಮೊಮ್ಮಕ್ಕಳಿಗೆ ತೋರಿಸಲು ಹುಡುಕಿದರೆ ಪೇಟೆಯ ಫೋಟೋ ಅಂತ ಯಾರೂ ತೆಗೆದಿಟ್ಟಿಲ್ಲ. ಬಸ್ಸಿಗೆ ಕಾಯುವಾಗ ಮಗುವನ್ನು ಎತ್ತಿಕೊಂಡು ತೆಗೆದದ್ದು, ಹೊಸ ಬೈಕಿನ ಪಕ್ಕ ನಿಂತದ್ದು, ಅಂಥವುಗಳ ಹಿಂದೆ ಆ ಅಂಗಡಿಯ ಬೋರ್ಡು, ಆ ಮರ ಕಾಣುತ್ತದೆ. ಚೆನ್ನಾಗಿಲ್ಲ ಅಂತ ಅಳಿಸುವುದು ಅಂಥದ್ದನ್ನೇ ಅಲ್ವಾ?

ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರ ಆಗಸ್ಟ್ 9ರಂದು ತೀರಿಕೊಂಡರು, ನೂರು ತುಂಬಿದ ವರ್ಷ. ಅವರ ಮನೆಗೆ ಹೋಗಿ, ಪಕ್ಕದಲ್ಲಿ ಕೂತು ಫೋನಿನಲ್ಲಿ ಫೋಟೋ ತೆಗೆಸಿಕೊಂಡವರು ನಮ್ಮ ಕಡೆ ಎಷ್ಟು ಮಂದಿ! ಆ ಫೋನುಗಳು ಈಗ ಎಲ್ಲಿವೆ? ನಾಡಿನ ಗಡಿಯಲ್ಲಿ ಕನ್ನಡ ಶಾಲೆ ನಡೆಸಿದ, ಕನ್ನಡ ಕಲಿಸಿದ ಎಷ್ಟೋ ಮಂದಿಯ ಚಿತ್ರ ಪತ್ರಿಕೆಯಲ್ಲಿ ಬಂದಿಲ್ಲ, ಪುಸ್ತಕದಲ್ಲಿ ಇಲ್ಲ. ಇರುವುದು ಯಾರದೋ ಮಗಳ ಬೀಳ್ಕೊಡುಗೆಯ ಗ್ರೂಪ್ ಫೋಟೋದ ಮೂಲೆಯಲ್ಲಿ. ಇದು ನಮ್ಮ ಊರಿನ ದಾಖಲೆ ಟೀಚರ್. ಡಿಸ್ಕಿನಲ್ಲಿ ಜಾಗ ಇರುವಾಗ ಯಾಕೆ ಅಳಿಸಬೇಕು?

ಹೊಸಂಗಡಿ ಟೀಚರ್

ಮಾಷ್ಟ್ರೇ, ಊರಿನ ದಾಖಲೆ ಅನ್ನುವ ಮಾತು ನನಗೂ ಹಿಡಿಸಿತು. ಸರಿ, ಶುಭೋದಯ ಚಿತ್ರಗಳನ್ನಾದರೂ ತೆಗೆಯಬಹುದಲ್ಲ?

ಕುಂಬಳೆ ಮಾಷ್ಟ್ರು

ಅದನ್ನು ಧಾರಾಳ ತೆಗೆಯಿರಿ. ಆಮೇಲೆ ಎಲ್ಲವೂ ಒಂದು ಫೋಲ್ಡರಿನಲ್ಲಿ, ಆರಿಸಿದ್ದು ಇನ್ನೊಂದರಲ್ಲಿ. ನೋಡಲು ಆರಿಸಿದ್ದು, ಕಾಪಾಡಲು ಎಲ್ಲವೂ.

ಮಂಜೇಶ್ವರದಿಂದ

ಡಬಲ್ ಫೋಟೋ ತೆಗೆಯಲು ಡ್ಯೂಪ್‌ಗುರು, ಚ್ಕಾವ್ಕಾ ಎಂಬ ಉಚಿತ ತಂತ್ರಾಂಶಗಳಿವೆ. ಒಂದೇ ಫೋಟೋದ ದೊಡ್ಡ ಪ್ರತಿ, ವಾಟ್ಸಾಪಿನ ಸಣ್ಣ ಪ್ರತಿ ಎರಡನ್ನೂ ಪಕ್ಕಪಕ್ಕ ತೋರಿಸುತ್ತವೆ. ದೊಡ್ಡದನ್ನು ಉಳಿಸಿ. ಸಣ್ಣದೇ ಒಂಟಿಯಾಗಿದ್ದರೆ ಅದು ಅಮೂಲ್ಯ, ಅದೊಂದೇ ಇರುವುದು.

ಬದಿಯಡ್ಕದವಳು

ಅಜ್ಜಿಯ ಜೊತೆ ಕೂರಲು ಶುರು ಮಾಡಿದ್ದೇನೆ. ಹೆಸರುಗಳನ್ನು ಎಲ್ಲಿ ಬರೆಯಲಿ? ಫೈಲಿನ ಹೆಸರಿನಲ್ಲೇ ಕನ್ನಡದಲ್ಲಿ ಬರೆದರೆ ಆಗುತ್ತದಾ? ಉದ್ದ ಬರೆದಾಗ ಲ್ಯಾಪ್‌ಟಾಪಿನಲ್ಲಿ ಸರಿ ಇದ್ದದ್ದು ಫೋನಿಗೆ ಕಾಪಿ ಆಗುತ್ತಿಲ್ಲ.

ಮಂಜೇಶ್ವರದಿಂದ

ಆಂಡ್ರಾಯ್ಡ್‌ನಲ್ಲಿ ಒಂದು ಫೈಲಿನ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಒತ್ತು, ಗುಣಿತದ ಚಿಹ್ನೆ ಪ್ರತಿಯೊಂದಕ್ಕೂ ಮೂರು ಬೈಟ್. 'ಅಜ್ಜಿ' ಅಂತ ಬರೆದರೇ 15 ಬೈಟ್ ಹೋಯಿತು. ವಿಂಡೋಸ್ ಬೇರೆ ರೀತಿ ಲೆಕ್ಕ ಹಾಕುವುದರಿಂದ ಅಲ್ಲಿ ಹಿಡಿಸುತ್ತದೆ.

ಹಾಗಾಗಿ ಫೋಲ್ಡರಿಗೆ ಚಿಕ್ಕ ಹೆಸರು ಇಡಿ, ವರ್ಷ ಮತ್ತು ತಿಂಗಳು ಮುಂದೆ ಬರಲಿ: '2009-04 ಅಕ್ಕನ ಮದುವೆ'. ಆಗ ತಾನಾಗಿಯೇ ಕಾಲದ ಪ್ರಕಾರ ಸಾಲಾಗಿ ನಿಲ್ಲುತ್ತದೆ. ಜನರ ಹೆಸರನ್ನು ಫೋಟೋದ ಒಳಗೇ ಬರೆಯಿರಿ. ವಿಂಡೋಸ್‌ನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಟೈಟಲ್. ಕನ್ನಡದಲ್ಲೇ ಬರೆಯಬಹುದು. ಫೈಲ್ ಎಲ್ಲಿಗೆ ಹೋದರೂ ಹೆಸರು ಜೊತೆಗೇ ಹೋಗುತ್ತದೆ, ವಾಟ್ಸಾಪಿನಲ್ಲಿ ಫೋಟೋವಾಗಿ ಕಳುಹಿಸಿದರೆ ಮಾತ್ರ ಉದುರುತ್ತದೆ. ಡಿಜಿಕ್ಯಾಮ್‌ನಲ್ಲಿ ನೂರು ಫೋಟೋಗೆ ಒಟ್ಟಿಗೆ ಬರೆಯಬಹುದು. ಆದರೆ ಸೆಟ್ಟಿಂಗ್‌ನಲ್ಲಿ 'ಫೈಲಿಗೆ ಬರೆ' ಅನ್ನುವುದು ಆನ್ ಇದೆಯಾ ನೋಡಿ.

ಗೂಗಲ್ ಫೋಟೋಸ್‌ನಲ್ಲಿ ಬರೆದ ವಿವರ ಹೀಗೆ ಫೋಟೋದ ಒಳಗೆ ಹೋಗುವುದಿಲ್ಲ. ಗೂಗಲ್ ಟೇಕೌಟ್ ಎಂಬ ಸೌಲಭ್ಯದಿಂದ ಎಲ್ಲ ಇಳಿಸಿಕೊಂಡಾಗ ಪ್ರತಿ ಫೋಟೋದ ಪಕ್ಕ ಜೇಸನ್ ಎಂಬ ಸಣ್ಣ ಫೈಲ್ ಬರುತ್ತದೆ, ವಿವರ ಮತ್ತು ನೀವು ತಿದ್ದಿದ ತಾರೀಕು ಅದರಲ್ಲಿರುತ್ತದೆ. ಕಸ ಅಂದುಕೊಂಡು ಅದನ್ನು ಎಸೆಯಬೇಡಿ.

ಕುಂಬಳೆ ಮಾಷ್ಟ್ರು

ಅಜ್ಜಿ ಮಾತಾಡುವಾಗ ಟೈಪ್ ಮಾಡಲು ಹೋಗಬೇಡ ಮಗಳೇ. ಅವರ ಮುಖ ನೋಡುತ್ತಾ ಕೂರು, ಫೋನಿನಲ್ಲಿ ದನಿ ರೆಕಾರ್ಡ್ ಮಾಡು. ಫೋಟೋದ ನಂಬರನ್ನು ನೀನು ಬಾಯಲ್ಲಿ ಹೇಳಿ, ಆಮೇಲೆ ಅವರಿಗೆ ತೋರಿಸು. ಹೆಸರಿನ ಜೊತೆ ಬೇರೆ ಎಷ್ಟೋ ಬರುತ್ತದೆ. ಆ ಸೀರೆ ಎಲ್ಲಿಂದ ತಂದದ್ದು, ಆ ವರ್ಷ ಮಳೆ ಎಷ್ಟು ತಡವಾಯಿತು, ಯಾರು ಯಾರೊಡನೆ ಮಾತು ಬಿಟ್ಟಿದ್ದರು. ಅದನ್ನೆಲ್ಲ ತಡೆಯಬೇಡ. ಮಲಯಾಳದಲ್ಲೋ ತುಳುವಿನಲ್ಲೋ ಮಾತು ಹೊರಳಿದರೆ ಹೊರಳಲಿ. ಆ ದನಿಯ ಫೈಲನ್ನೂ ಫೋಟೋಗಳ ಜೊತೆಗೇ ಇಡು. ಅರ್ಧ ಗಂಟೆಗೆ ಅವರಿಗೆ ದಣಿವಾಗುತ್ತದೆ, ಅಷ್ಟಕ್ಕೇ ನಿಲ್ಲಿಸು.

ಮುಳ್ಳೇರಿಯಾ ತೋಟದವರು

ಕುಟುಂಬದವರಿಗೆಲ್ಲ ಹಂಚುವ ಮೊದಲು ಒಂದು ಯೋಚನೆ ಮಾಡಿ. ನಮ್ಮ ಕಡೆ ಕೆಲವು ದೈವಸ್ಥಾನಗಳಲ್ಲಿ ನೇಮದ ಫೋಟೋ ತೆಗೆಯಬಾರದು, ಹಂಚಬಾರದು ಅಂತ ಕಟ್ಟುಪಾಡಿದೆ. ಹಿಂದೆ ಯಾರೋ ತೆಗೆದದ್ದು ಸಿಕ್ಕರೆ ಮನೆಯ ಹಿರಿಯರನ್ನು ಕೇಳಿ. ಸಣ್ಣ ಮಕ್ಕಳು ಸ್ನಾನ ಮಾಡುವ ಫೋಟೋ, ಆಸ್ಪತ್ರೆಯ ಫೋಟೋ ಬೇರೆ ಫೋಲ್ಡರಿನಲ್ಲಿ ಇರಲಿ, ಗ್ರೂಪಿಗೆ ಬೇಡ.

ಬದಿಯಡ್ಕದವಳು

ನಮ್ಮಲ್ಲೂ ಹಾಗೇ, ಕೇಳಿಯೇ ಮುಂದುವರಿಯುತ್ತೇನೆ. ಎರಡು ಡಿಸ್ಕ್ ತಂದಾಯಿತು. ಒಂದಕ್ಕೆ ಕಾಪಿ ಮಾಡುತ್ತಿದ್ದೇನೆ. ಎಲ್ಲ ಸರಿಯಾಗಿ ಬಂತಾ ಅಂತ ಹೇಗೆ ತಿಳಿಯೋದು? ಮತ್ತೆ ಎರಡು ಕಡೆಯ ಡಿಸ್ಕನ್ನು ಹೊಸ ಫೋಟೋ ಬಂದಾಗಲೆಲ್ಲ ಹೇಗೆ ಒಂದೇ ಥರ ಇಟ್ಟುಕೊಳ್ಳೋದು?

ಮಂಜೇಶ್ವರದಿಂದ

ಕಾಪಿ ಆದ ಮೇಲೆ ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆಗೆದು ಫೈಲುಗಳ ಸಂಖ್ಯೆ, ಒಟ್ಟು ಬೈಟ್ ಹೋಲಿಸಿ. ಟೆರಾಕಾಪಿ ಎಂಬ ತಂತ್ರಾಂಶದಲ್ಲಿ 'ವೆರಿಫೈ' ಅಂತ ಇದೆ, ಅದು ಕಾಪಿಯಾದದ್ದನ್ನು ಮತ್ತೆ ಓದಿ ತಾಳೆ ನೋಡುತ್ತದೆ. ಆಮೇಲೆ ಬೇರೆ ಬೇರೆ ಫೋಲ್ಡರಿನಿಂದ ಹತ್ತಿಪ್ಪತ್ತು ಫೋಟೋ ತೆರೆಯಿರಿ, ಸಣ್ಣ ಚಿತ್ರ ಕಂಡರೆ ಸಾಲದು, ಪೂರ್ತಿ ದೊಡ್ಡದು ಮಾಡಿ ನೋಡಿ. ವಿಡಿಯೋಗಳನ್ನು ಕೊನೆಯ ತನಕ ಎಳೆದು ನೋಡಿ.

ಎರಡು ಡಿಸ್ಕ್ ಸಮ ಮಾಡಲು ಫ್ರೀಫೈಲ್‌ಸಿಂಕ್ ಎಂಬ ತಂತ್ರಾಂಶ ಸಾಕು. ಅದರಲ್ಲಿ 'ಅಪ್‌ಡೇಟ್' ಆರಿಸಿ, ಹೊಸದು, ಬದಲಾದದ್ದು ಮಾತ್ರ ಸೇರುತ್ತದೆ. 'ಮಿರರ್' ಆರಿಸಿದರೆ ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ.

ಶಾರ್ಜಾದಲ್ಲಿರುವ ನೀರ್ಚಾಲಿನವ

ನಮ್ಮ ಮನೆಯಲ್ಲಿ ಇದಕ್ಕೆ ವಿಷು ಮತ್ತು ದೀಪಾವಳಿ ಅಂತ ಇಟ್ಟುಕೊಂಡಿದ್ದೇವೆ. ಹೇಗೂ ಬೆಂಗಳೂರಿನಿಂದ ತಮ್ಮ ಬರುತ್ತಾನೆ. ಅವನ ಡಿಸ್ಕ್ ಊರಿಗೆ ಬರುತ್ತದೆ, ಎರಡನ್ನೂ ಕೂಡಿಸಿ ಸಮ ಮಾಡಿ, ಊರಿನದ್ದನ್ನು ಅವನು ಒಯ್ಯುತ್ತಾನೆ, ಅವನದ್ದು ಇಲ್ಲಿ ಉಳಿಯುತ್ತದೆ. ಎರಡೂ ಡಿಸ್ಕ್ ಓಡುತ್ತಿವೆಯಾ ಅಂತ ವರ್ಷಕ್ಕೆ ಎರಡು ಸಲ ಗೊತ್ತಾಗುತ್ತದೆ. ಡಿಸ್ಕಿನ ಮೇಲೆ ಕೊಂಡ ವರ್ಷವನ್ನು ಅಂಟಿಸಿದ್ದೇವೆ. ಐದಾರು ವರ್ಷ ಆದದ್ದನ್ನು ಹೊಸದಕ್ಕೆ ಬದಲಾಯಿಸುತ್ತೇವೆ, ಹಳೆಯದನ್ನು ಎಸೆಯುವುದಿಲ್ಲ.

ಉಪ್ಪಳ ಸ್ಟುಡಿಯೋ

ಕೇಬಲನ್ನೂ ಡಿಸ್ಕಿನ ಜೊತೆ ಅದೇ ಡಬ್ಬಿಯಲ್ಲಿ ಇಡಿ. ಎಷ್ಟೋ ಪೋರ್ಟಬಲ್ ಡಿಸ್ಕುಗಳ ಕೇಬಲ್ ಫೋನ್ ಚಾರ್ಜರಿನ ಕೇಬಲ್ ಅಲ್ಲ, ಅಗಲ ತುದಿಯದ್ದು. ಬೇಕಾದಾಗ ನಮ್ಮ ಪೇಟೆಯ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಮತ್ತೆ ಆ ಅಜ್ಜನ ಅಡಿಕೆ ಸುಲಿಯುವ ಫೋಟೋ ಹಳೆ ಫೋನಿನದ್ದಲ್ವಾ, 2 ಮೆಗಾಪಿಕ್ಸೆಲ್ ಇರಬಹುದು. ಬ್ಲೂಟೂತ್‌ನಲ್ಲಿ ಬಂದ ಫೈಲನ್ನೇ ಪೆನ್ ಡ್ರೈವ್‌ಗೆ ಹಾಕಿ ತನ್ನಿ. 4 × 6ಕ್ಕೆ ಚೆನ್ನಾಗಿ ಬರುತ್ತದೆ, ಪ್ರಿಂಟ್ ಮಾಡಿ ಕೊಡುತ್ತೇನೆ.